ಮೇಲಿನಿಂದ ಕೆಳಗೆ ಒಂದು ಗೆರೆ

ನಾನು ಒಂದು ರಟ್ಟಿನ ಪ್ಯಾಡು. ನೆತ್ತಿಯ ಮೇಲೆ ಒಂದು ಉಕ್ಕಿನ ಕ್ಲಿಪ್ಪಿದೆ; ನನಗಿರುವ ಬಾಯಿ ಅದೊಂದೇ. ಅದಕ್ಕೆ ಮಾತಾಡಲು ಬರುವುದಿಲ್ಲ, ಕಾಗದ ಕಚ್ಚಲು ಮಾತ್ರ ಬರುತ್ತದೆ. ಪರೀಕ್ಷೆಗೆ ಹೋಗುವ ಮಕ್ಕಳ ಕಂಕುಳಲ್ಲಿ ನನ್ನಂಥವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನನ್ನ ಪಾಲಿಗೆ ಬಂದದ್ದು ದೊಡ್ಡವರ ಪರೀಕ್ಷೆ. ಅದರಲ್ಲಿ ಎಲ್ಲರೂ ಪಾಸಾಗುತ್ತಿದ್ದರು, ಯಾರೂ ಪ್ರಶ್ನೆ ಓದುತ್ತಿರಲಿಲ್ಲ.

ಹುಟ್ಟಿದ್ದು ಗದಗಿನಲ್ಲಿ, ಮಾರ್ತಾಂಡನ ಬೈಂಡಿಂಗ್ ಅಂಗಡಿಯಲ್ಲಿ. ಎರಡು ರಟ್ಟುಗಳಿಗೆ ಅಂಟು ಹಚ್ಚಿ ಒಂದರ ಮೇಲೊಂದು ಕೂರಿಸಿ, ಮೇಲೆ ಕಲ್ಲು ಹೇರಿ ಎರಡು ದಿನ ಮಲಗಿಸಿದ. ಮೂರನೆಯ ದಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಮೆತ್ತಿ, ಮುಖಕ್ಕೆ ಬಿಳಿ ಹಾಳೆ ಅಂಟಿಸಿ, ಕ್ಲಿಪ್ಪು ಬಡಿದ. ಬಡಿಯುವಾಗ ನೋವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವನು ಅಂಗೈಯಿಂದ ನನ್ನ ಮುಖ ಸವರಿದ. ಆ ಹೆಬ್ಬೆರಳಿನ ಬುಡದಲ್ಲಿ ಸೂಜಿ ತಳ್ಳಿ ತಳ್ಳಿ ಗಟ್ಟಿಯಾದ ಒಂದು ಗಂಟಿತ್ತು. ಮುಂದೆ ಸಾವಿರಾರು ಕೈಗಳು ನನ್ನನ್ನು ಹಿಡಿದವು. ಆ ಗಂಟಿನ ಕೈಯನ್ನು ಮಾತ್ರ ನಾನು ಎಂದೂ ಮರೆಯಲಿಲ್ಲ.

ಊರಿನ ರಕ್ತನಿಧಿಯ ಫಾರ್ಮುಗಳನ್ನು ಪಕ್ಕದ ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು. ಅವನ್ನು ನೂರು ನೂರರ ಕಟ್ಟು ಮಾಡಿ, ಬೆನ್ನಿಗೆ ಅಂಟು ಹಚ್ಚಿ ಕೊಡುವುದು ಮಾರ್ತಾಂಡನ ಕೆಲಸ. ರಕ್ತ ಕೊಡಲು ಬಂದವರು ಮೊದಲು ಆ ಫಾರ್ಮು ತುಂಬಬೇಕು. ಎಡಗಡೆ ಮೂವತ್ತೆರಡು ಪ್ರಶ್ನೆ, ಬಲಗಡೆ ‘ಹೌದು’, ‘ಇಲ್ಲ’ ಎಂಬ ಎರಡು ಸಾಲು. ಅಂಥ ಫಾರ್ಮುಗಳ ಮೂಲೆ ಹಿಡಿದು ಬೀಸಣಿಗೆಯಂತೆ ಬಿಡಿಸಿ, ಹೆಬ್ಬೆರಳಿನಿಂದ ಐದೈದು ಹಾಳೆ ತಳ್ಳುತ್ತಾ ಅವನು ಎಣಿಸುವುದನ್ನು ನೋಡುವುದೇ ಒಂದು ಚೆಂದ. ಒಂದು ಹಾಳೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಮನೆ. ಅಲ್ಲಿ ಯೋನಾ ಎಂಬ ಡ್ರಾಯಿಂಗ್ ಮಾಸ್ತರ ಇದ್ದ. ಊರಿಗೆ ಅವನು ಮಹಡಿಯ ಬಾಡಿಗೆದಾರ. ಅಂಗಡಿಯಲ್ಲಿ ಮೂರು ದಿನ ಮಲಗಿದ್ದ ನನಗೆ ಬೇರೆಯೇ ಗೊತ್ತಾಯಿತು. ಬಾಡಿಗೆದಾರ ಬಂದು ಮನೆಯ ಯಜಮಾನನ ಕನ್ನಡಕ ಒರೆಸಿ ಕೊಡುತ್ತಾನೆಯೇ? ಮಧ್ಯಾಹ್ನದ ರೊಟ್ಟಿ ತಡವಾದರೆ ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾನೆಯೇ? ಅವರು ಏಳೆಂಟು ವರ್ಷದಿಂದ ಹಾಗೆಯೇ ಬದುಕುತ್ತಿದ್ದರು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳಿದರೆ ಯೋನಾನ ಶಾಲೆಯ ಕೆಲಸ ಹೋಗುತ್ತಿತ್ತು.

ಆ ದಿನ ಯೋನಾ ಒಂದು ಫಾರ್ಮು ಎತ್ತಿಕೊಂಡು ಓದಿದ. ಓದುತ್ತಾ ಹೋದವನು ಅರ್ಧದಲ್ಲಿ ನಿಂತ.

“ಇದರಾಗ ಏನ ಬರದಾರ ಅಂತ ಒಮ್ಮೆರ ನೋಡೀಯೇನು?” ಎಂದ.

“ಬೈಂಡಿಂಗ್ ಮಾಡಾಂವ ಓದಬಾರ್ದೋ ಮಾರಾಯಾ. ಓದಿದ್ರ ಎಣಿಕಿ ತಪ್ಪತೈತಿ,” ಎಂದು ಮಾರ್ತಾಂಡ ನಕ್ಕು, ಹೆಬ್ಬೆರಳು ನಿಲ್ಲಿಸದೆ ಎಣಿಸುತ್ತಲೇ ಇದ್ದ.

ಯೋನಾ ಫಾರ್ಮನ್ನು ಇದ್ದ ಜಾಗದಲ್ಲೇ ಇಟ್ಟ.

ಮಾರ್ತಾಂಡ ನನ್ನನ್ನೂ ನನ್ನ ಇಪ್ಪತ್ತಮೂರು ಒಡಹುಟ್ಟಿದವರನ್ನೂ ಫಾರ್ಮುಗಳ ಜೊತೆ ರಕ್ತನಿಧಿಗೆ ಸುಮ್ಮನೆ ಕೊಟ್ಟುಬಿಟ್ಟ. ಅಲ್ಲಿ ನಾನು ಗುರುಶಾಂತಪ್ಪ ಎಂಬ ಹಳೆಯ ಟೆಕ್ನಿಶಿಯನ್ನರ ಕೈಗೆ ಬಿದ್ದೆ. ಒಳ್ಳೆಯ ಮನುಷ್ಯ. ಸೂಜಿ ಚುಚ್ಚಿದ್ದು ಗೊತ್ತೇ ಆಗದ ಹಾಗೆ ಚುಚ್ಚುತ್ತಿದ್ದರು. ಆದರೆ ಫಾರ್ಮು ತುಂಬುವುದೆಂದರೆ ಅವರಿಗೆ ತಲೆನೋವು. ಕಾಲೇಜಿನಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮುಖಂಡರ ಹುಟ್ಟುಹಬ್ಬದಲ್ಲಿ ಶಿಬಿರ ಹಾಕಿದರೆ ಇನ್ನೂರು ಜನ ಸಾಲು ನಿಲ್ಲುತ್ತಿದ್ದರು. ಒಬ್ಬೊಬ್ಬರಿಗೂ ಮೂವತ್ತೆರಡು ಪ್ರಶ್ನೆ ಓದುತ್ತಾ ಕೂತರೆ ಆ ವರ್ಷ ಮುಗಿಯಬೇಕಲ್ಲ!

“ಆರಾಮ ಅದೀರಲ್ರಿ? ಜ್ವರಾ ಗಿರಾ ಏನಿಲ್ಲಲ್ಲ?”

“ಏನಿಲ್ರಿ.”

ಅಷ್ಟೇ. ಗುರುಶಾಂತಪ್ಪನವರ ಪೆನ್ನು ‘ಇಲ್ಲ’ ಎಂಬ ಸಾಲಿನ ನೆತ್ತಿಯ ಮೇಲೆ ಕೂತು ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆಯುತ್ತಿತ್ತು. ಕಾಮಾಲೆ ಇಲ್ಲ, ಮಲೇರಿಯಾ ಇಲ್ಲ, ಹಚ್ಚೆ ಇಲ್ಲ, ಪರಸಂಗ ಇಲ್ಲ. ಎಲ್ಲ ಮನುಷ್ಯರೂ ಒಂದೇ ಗೆರೆಯಲ್ಲಿ ನಿರ್ಮಲ! “ಸಹಿ ಹೊಡೀರಿ,” ಎನ್ನುತ್ತಿದ್ದರು. ನಾನು ಅವರವರ ತೊಡೆಯ ಮೇಲೆ ಕೂತು, ಕೆಳಗಿನಿಂದ ಗದ್ದಗಳನ್ನೂ ಮೂಗಿನ ಹೊಳ್ಳೆಗಳನ್ನೂ ನೋಡುತ್ತಿದ್ದೆ. ಓದಿ ಸಹಿ ಹಾಕಿದವರನ್ನು ಎಣಿಸಲು ನನ್ನ ನಾಲ್ಕು ಮೂಲೆ ಸಾಕು.

ಪೆನ್ನು ಎಳೆದ ಜಾಗದಲ್ಲೇ ಮತ್ತೆ ಮತ್ತೆ ಎಳೆದರೆ ಏನಾಗುತ್ತದೆ? ಎರಡು ವರ್ಷದಲ್ಲಿ ನನ್ನ ಬಲಗಡೆ ಒಂದು ತಗ್ಗು ಬಿತ್ತು. ಮೇಲಿನಿಂದ ಕೆಳಗೆ, ನೇರವಾದ ತಗ್ಗು. ಆಮೇಲೆ ಗುರುಶಾಂತಪ್ಪ ಕೈಗೆ ಬಲ ಹಾಕಬೇಕಾಗಿಯೇ ಇರಲಿಲ್ಲ. ಪೆನ್ನು ತಾನೇ ಅದರೊಳಗೆ ಜಾರಿಕೊಂಡು ಹೋಗುತ್ತಿತ್ತು.

ಮಾರ್ತಾಂಡ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ. ಅವನದು ಓ ನೆಗೆಟಿವ್, ಸುಲಭಕ್ಕೆ ಸಿಗದ ರಕ್ತ. ಬೆಟಗೇರಿಯ ನೇಕಾರರ ಮನೆಯ ನೀಲವ್ವನ ಮಗಳು ಪಾರುವಿನದೂ ಅದೇ. ಪಾರುವಿಗೆ ಹುಟ್ಟಿನಿಂದಲೇ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ನಿಲ್ಲದು, ಮೂರು ವಾರಕ್ಕೊಮ್ಮೆ ಹೊರಗಿನಿಂದ ಏರಿಸಬೇಕು. ಅವಳಿಗೆಂದೇ ರಕ್ತನಿಧಿಯಲ್ಲಿ ಐದು ಜನರ ಪಟ್ಟಿಯಿತ್ತು. ಐವರೂ ಸರದಿಯ ಮೇಲೆ ಬಂದರೆ ವರ್ಷ ಹೇಗೋ ದಾಟುತ್ತಿತ್ತು. ಪಟ್ಟಿಯ ಮೊದಲ ಹೆಸರು ಮಾರ್ತಾಂಡನದು.

ನೀಲವ್ವನಿಗೆ ಅಣ್ಣತಮ್ಮಂದಿರಿಲ್ಲ. ನಾಗರ ಪಂಚಮಿ ಬಂದರೆ ಅವಳಿಗೆ ಹೋಗಲು ತವರಿರಲಿಲ್ಲ. ಒಂದು ವರ್ಷ ಅವಳು ಎಳ್ಳುಂಡಿ, ಶೇಂಗಾ ಉಂಡಿ ಡಬ್ಬಿಯಲ್ಲಿ ತುಂಬಿಕೊಂಡು ರಕ್ತನಿಧಿಗೇ ಬಂದಳು.

“ನನ್ನ ಮಗಳ ಮೈಯಾಗ ನಿಮ್ಮ ರಕ್ತ ಹರದಾಡಾಕತ್ತೈತಿ. ಇದಕ್ಕಿಂತ ತವರುಮನಿ ಯಾವುದೈತಿ ಅಣ್ಣಾ?” ಎಂದಳು.

ಆರು ವರ್ಷದ ಪಾರು ಅವನ ತೊಡೆಯೇರಿ, ನನ್ನ ಕ್ಲಿಪ್ಪನ್ನು ಟಕ್ ಟಕ್ ಎನಿಸುತ್ತಾ, “ಮಾಮಾ, ಇದು ಕಚ್ಚತೈತೇನ?” ಎಂದು ಕೇಳಿದಳು. ಮಾರ್ತಾಂಡ ನಗಲು ಹೋಗಿ ಕಣ್ಣು ಒರೆಸಿಕೊಂಡ. ತೊಟ್ಟಿಲು ತೂಗದ ಮನೆಗೆ ಸೋದರಮಾವನ ಪದವಿ ಸಿಕ್ಕಿತ್ತು. ಆಮೇಲೆ ಎರಡು ಪಂಚಮಿ ಹಾಗೆಯೇ ನಡೆಯಿತು. ನನ್ನ ಬಾಳಿನಲ್ಲಿ ಸಂತೋಷ ಎಂದರೆ ಅಷ್ಟು ದಿನಗಳೇ.

ಗುರುಶಾಂತಪ್ಪ ನಿವೃತ್ತರಾದರು. ದೀಪಾವಳಿ ಮುಗಿದ ಮೇಲೆ ಶಾಂಭವಿ ಎಂಬ ಸಮಾಲೋಚಕಿ ಬಂದಳು. ಹೊಸ ಕೆಲಸ, ಹೊಸ ಬಿಸಿ. ನನ್ನ ಮುಖದ ತಗ್ಗಿನ ಮೇಲೆ ಬೆರಳಾಡಿಸಿ, “ಅಯ್ಯ, ಇದೇನು?” ಎಂದಳು. ಅರ್ಥವಾದ ಮೇಲೆ ಅವಳ ಮುಖ ಗಂಟಿಕ್ಕಿತು. ಅಂದಿನಿಂದ ಪ್ರತಿಯೊಬ್ಬರಿಗೂ ಮೂವತ್ತೆರಡೂ ಪ್ರಶ್ನೆ ಓದತೊಡಗಿದಳು. ಜನ ಗೊಣಗಿದರು. ನನಗೆ ಮಾತ್ರ ಅವಳ ಮೇಲೆ ಗೌರವ ಬಂತು. ಮೊದಲ ಸಲ ಯಾರೋ ನನ್ನನ್ನು ಕೆಲಸಕ್ಕೆ ಹಚ್ಚಿದಂತಾಯಿತು. ಎಂಥ ಮಂಕು ನಾನು!

ಮಾರ್ತಾಂಡನ ಸರದಿ ಬಂತು. ಅವನು ಅಂಗಿಯ ತೋಳು ಮಡಚಿಕೊಂಡೇ ಬಂದು ಕೂತ.

“ಒಂದೊಂದ ಪ್ರಶ್ನೆ ಓದತೀನ್ರಿ ಅಣ್ಣಾ. ಹೌದು, ಇಲ್ಲಾ ಅಷ್ಟ ಹೇಳ್ರಿ,” ಎಂದಳು ಶಾಂಭವಿ.

ಹದಿಮೂರರವರೆಗೆ ಅವನು ನಗುನಗುತ್ತಲೇ ‘ಇಲ್ಲ’ ಎಂದ. ಹದಿನಾಲ್ಕನೆಯದನ್ನು ಅವಳು ಬೇರೆಯದರಂತೆಯೇ ಸರಾಗವಾಗಿ ಓದಿದಳು: ಪುರುಷರಾಗಿದ್ದಲ್ಲಿ, ಮತ್ತೊಬ್ಬ ಪುರುಷನೊಂದಿಗೆ ಲೈಂಗಿಕ ಸಂಪರ್ಕ ಹೊಂದಿದ್ದೀರಾ?

ಮಾರ್ತಾಂಡನ ನಗು ನಿಂತಿತು. ನಾನು ಅವನ ತೊಡೆಯ ಮೇಲಿದ್ದೆ. ಅವನು ಬಗ್ಗಿ ಆ ಪ್ರಶ್ನೆಯನ್ನು ತಾನೇ ಓದಿದ.

“ಈ ಫಾರ್ಮು ಕಟ್ಟಾಂವ ನಾನ ರೀ. ಎಷ್ಟ ಸಾವಿರ ಕಟ್ಟೀನೋ ಏನೋ. ಇದು ಇದರಾಗ ಐತಿ ಅಂತ ನನಗ ಗೊತ್ತ ಇರಲಿಲ್ಲ,” ಎಂದ.

ಶಾಂಭವಿ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ಧ್ವನಿ ತಗ್ಗಿಸಿ, “ಅಣ್ಣಾ, ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲೇನು? ಇನ್ನೊಮ್ಮೆ ಓದಲೇನು?” ಎಂದಳು. ಅದು ಅವಳು ತೆರೆದ ಬಾಗಿಲು. ಅವನು ಅದರೊಳಗೆ ಹೋಗಬೇಕಿತ್ತು. ಹೋಗು ಮಾರಾಯಾ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ.

“ಬ್ಯಾಡವ್ವಾ, ಕೇಳಿಸೇತಿ. ಹೌದು ಅಂತ ಬರಕೋ,” ಎಂದ ಅವನು. “ಊರಿಗೆಲ್ಲಾ ಬಾಡಗೀದಾಂವ ಅಂತ ಹೇಳಕೋತ ಬಂದೀನಿ. ಆದ್ರ ಇದು ಆ ಕೂಸಿನ ಮೈಯಾಗ ಹೋಗೂದು. ಇದರ ಮ್ಯಾಲ ಸುಳ್ಳ ಬರಸಾಕ ನನಗ ಆಗಂಗಿಲ್ಲ.”

ಶಾಂಭವಿ ಪೆನ್ನನ್ನು ‘ಇಲ್ಲ’ ಎಂಬ ಸಾಲಿನಿಂದ ಎತ್ತಿದಳು. ಆಮೇಲೆ ‘ಹೌದು’ ಎಂಬ ಸಾಲಿನಲ್ಲಿ ಒಂದು ಸಣ್ಣ ಗುರುತು ಬಿತ್ತು. ಅವಳು ಕೈ ಗಟ್ಟಿ ಹಿಡಿದು ಒತ್ತಿದ್ದರಿಂದ ಅದು ಕಾಗದ ದಾಟಿ ನನ್ನ ಮೈಯಲ್ಲಿ ಇಳಿಯಿತು. ಆ ಪ್ರಶ್ನೆಯ ಮುಂದೆ, ಆ ಸಾಲಿನಲ್ಲಿ, ನನ್ನ ಮೈಮೇಲೆ ಬಿದ್ದ ಗುರುತು ಅದೊಂದೇ.

ಇಬ್ಬರೂ ನನ್ನನ್ನು ಹಿಡಿದುಕೊಂಡು ಡಾಕ್ಟರ್ ಕುಷ್ಟಗಿಯವರ ಕೋಣೆಗೆ ಹೋದರು. ರಕ್ತನಿಧಿಗೆ ಅವರೇ ಹಿರಿಯರು. ಫಾರ್ಮು ನೋಡಿ ಕನ್ನಡಕ ತೆಗೆದಿಟ್ಟರು.

“ಇನ್ನ ಮುಂದ ನಿಮ್ಮ ರಕ್ತ ತಗೊಳ್ಳಾಕ ಬರಂಗಿಲ್ಲ. ಶಾಶ್ವತ ತಡೆ. ರೂಲು ನಾ ಬರದಿಲ್ಲ, ಮ್ಯಾಲಿನಿಂದ ಬಂದದ್ದು.”

“ಪ್ರತಿಸಲ ಟೆಸ್ಟ್ ಮಾಡೀರಲ್ರಿ. ಒಮ್ಮೆರ ಏನರ ಬಂದೈತೇನು?”

“ಇಲ್ಲ. ಎಲ್ಲಾ ಸ್ವಚ್ಛ ಐತಿ. ಆದ್ರ ಸೋಂಕು ತಗಲಿದ ಮೊದಲ ದಿನಗಳೊಳಗ ಟೆಸ್ಟಿಗೆ ಸಿಗಂಗಿಲ್ಲ. ನಿಮ್ಮಂಥವರೊಳಗ ಅದು ಹೆಚ್ಚು ಅಂತ ಲೆಕ್ಕ ಹೇಳತೈತಿ. ಆ ಹುಡುಗಿಗೆ ವರ್ಷಕ್ಕ ಹದಿನೇಳು ಬಾಟಲಿ ಏರತಾವು. ಒಂದ ಕೆಟ್ಟದ್ದ ಹೋದ್ರೂ ಯಾರ ಹೊಣಿ?”

“ನನ್ನಂಥವರ ಲೆಕ್ಕ ಬ್ಯಾಡ್ರಿ, ನನ್ನ ಲೆಕ್ಕ ಕೇಳ್ರಿ. ಹತ್ತ ಹನ್ನೊಂದ ವರ್ಷ ಆತು, ಇಬ್ಬರ ಬಿಟ್ಟು ಮೂರನೇದಾಂವ ಇಲ್ಲ. ಹೊರಗ ಸಾಲಿನಾಗ ನಿಂತಾರಲ್ಲ, ಅವರಿಗೆ ಎಷ್ಟ ಮಂದಿ ಅಂತ ಕೇಳೀರೇನು?”

“ಕೇಳತೇವಿ. ಅವರು ಇಲ್ಲ ಅಂತಾರ.”

ಡಾಕ್ಟರು ಕೆಟ್ಟವರಲ್ಲ. ಬೇರೆ ದೇಶಗಳಲ್ಲಿ ಒಬ್ಬೊಬ್ಬರ ನಡತೆ ಕೇಳಿ ತಗೊಳ್ಳುತ್ತಾರಂತೆ, ಇಲ್ಲೂ ಕೋರ್ಟಿನಲ್ಲಿ ವಾದ ನಡೆದಿದೆಯಂತೆ ಎಂದರು. ಕೊನೆಗೆ, “ನೀವು ಇಲ್ಲ ಅಂದಿದ್ರ ಮುಗದ ಹೋಗ್ತಿತ್ತಲ್ರಿ,” ಎಂದು ಮೆಲ್ಲಗೆ ಅಂದರು. ಕಂಪ್ಯೂಟರಿನಲ್ಲಿ ಮಾರ್ತಾಂಡನ ಹೆಸರಿನ ಮುಂದೆ ಕೆಂಪು ಪಟ್ಟಿ ಕೂತಿತು.

ಪಾರುವಿನ ಪಟ್ಟಿಯಲ್ಲಿ ನಾಲ್ವರು ಉಳಿದರು. ಮೂರು ವಾರ ಇದ್ದದ್ದು ನಾಲ್ಕಾಯಿತು, ಒಮ್ಮೊಮ್ಮೆ ಐದಾಯಿತು. ಹುಡುಗಿಯ ಮುಖ ಹಳದಿಯಾಗತೊಡಗಿತು. ಮೊದಲ ಹೆಸರಿನವನು ಏಕೆ ಬರುತ್ತಿಲ್ಲ ಎಂದು ನೀಲವ್ವ ಕೇಳಿದಳು. ಅಲ್ಲಿನ ಜವಾನನಿಗೆ ಕಾರಣ ತಿಳಿಯದು, ಕೆಂಪು ಪಟ್ಟಿ ಮಾತ್ರ ಕಂಡಿತ್ತು. “ದೊಡ್ಡ ಜಡ್ಡು ಇರಬೇಕು ಬಿಡವ್ವಾ. ಅದಿಲ್ದ ಕೆಂಪು ಬರಂಗಿಲ್ಲ,” ಎಂದುಬಿಟ್ಟ.

ನೀಲವ್ವನ ಎದೆ ಒಡೆಯಿತು. ಅವನ ರಕ್ತ ಮಗಳ ಮೈಯಲ್ಲಿದೆ! ಅಳುತ್ತಾ ಪಾರುವಿನ ಪರೀಕ್ಷೆ ಮಾಡಿಸಿದಳು. ಏನೂ ಇಲ್ಲವೆಂದು ಬಂದರೂ ನಂಬಿಕೆ ಬರಲಿಲ್ಲ. ಶಾಂಭವಿಯ ಮುಂಗೈ ಹಿಡಿದು, “ಖರೇ ಹೇಳ್ರಿ ಮೇಡಂ, ಅವರಿಗೆ ಜಡ್ಡು ಐತಿಲ್ಲೊ?” ಎಂದಳು.

“ಇಲ್ಲವ್ವಾ.”

“ಮತ್ಯಾಕ ತಗೊಳ್ಳವಲ್ರಿ?”

ಶಾಂಭವಿಯ ಬಾಯಿ ಕಟ್ಟಿತ್ತು. ದಾನಿ ಹೇಳಿದ್ದನ್ನು ಹೊರಗೆ ಬಿಡಬಾರದು, ಅದೂ ನಿಯಮವೇ. ಜಡ್ಡಿಲ್ಲ ಎಂದು ನಂಬಿಸಬೇಕಾದರೆ ಇನ್ನೊಂದನ್ನು ಹೇಳಬೇಕು. ಅವಳು ಹೇಳಲಿಲ್ಲ. ಅವಳು ಹೇಳದೆ ಇದ್ದದ್ದನ್ನೇ ನೀಲವ್ವ ಉತ್ತರ ಎಂದುಕೊಂಡಳು.

ಒಂದು ದಿನ ಮಾರ್ತಾಂಡ ಫಾರ್ಮಿನ ಕಟ್ಟು ತಂದಾಗ ತಾಯಿಮಗಳು ಹೊರಗಿನ ಬೆಂಚಿನ ಮೇಲಿದ್ದರು. ಪಾರು “ಮಾಮಾ!” ಎಂದು ಎದ್ದಳು. ನೀಲವ್ವ ಅವಳನ್ನು ಹಿಂದಕ್ಕೆಳೆದು ಸೆರಗಿನೊಳಗೆ ಮುಚ್ಚಿದಳು. ಮಾರ್ತಾಂಡ ಕಟ್ಟು ಕೆಳಗಿಟ್ಟು, “ನನಗ ಯಾವ ಜಡ್ಡೂ ಇಲ್ಲವ್ವಾ,” ಎಂದ. ಮತ್ಯಾಕ ತಗೊಳ್ಳವಲ್ರು ಎಂದು ಅವಳು ಅವನಿಗೂ ಅದೇ ಪ್ರಶ್ನೆ ಕೇಳಿದಳು. ಫಾರ್ಮಿನ ಮೇಲೆ ಹೇಳಿದ್ದನ್ನು ಅವನು ಆ ಓಣಿಯಲ್ಲಿ ಹೇಳಲಾರದೆ ಹೋದ. ಹೇಳಿದರೆ ಸಂಜೆಯೊಳಗೆ ಯೋನಾನ ಶಾಲೆಗೆ ಸುದ್ದಿ ಮುಟ್ಟುತ್ತಿತ್ತು. ತಲೆ ತಗ್ಗಿಸಿ ಹೊರಟುಹೋದ. ಆಗ ನನಗಾದ ಸಂಕಟವನ್ನು ಹೇಳಲಾರೆ.

ಅಷ್ಟು ಹೊತ್ತಿಗೆ ಶಾಂಭವಿಯೂ ಬದಲಾಗಿದ್ದಳು. ಮೊದಲು ಹದಿನಾಲ್ಕನೆಯದನ್ನು ಓದುವುದು ಬಿಟ್ಟಳು. ಆಮೇಲೆ ಅದರ ಹಿಂದುಮುಂದಿನವನ್ನೂ ಬಿಟ್ಟಳು. ಒಂದು ಶಿಬಿರದಲ್ಲಿ ಅವಳ ಪೆನ್ನು ನನ್ನ ಹಳೆಯ ತಗ್ಗಿನ ತುದಿಗೆ ಬಂದು ಕೂತು, ಮೇಲಿನಿಂದ ಕೆಳಗೆ ಸರ್ರನೆ ಜಾರಿತು. ನಾನು ಬೈಯಲಿಲ್ಲ. ಅವಳು ಕೇಳಿದ್ದರಿಂದ ಯಾರಿಗೆ ಒಳ್ಳೆಯದಾಗಿತ್ತು?

ಬೇಸಿಗೆ ಬಂತು. ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ಕಪಾಟು ಖಾಲಿ. ನಾಲ್ವರಲ್ಲಿ ಒಬ್ಬನಿಗೆ ಕಾಮಾಲೆ, ಒಬ್ಬನಿಗೆ ದೂರದೂರಿಗೆ ವರ್ಗ, ಉಳಿದಿಬ್ಬರು ಕೊಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ. ಪಾರುವಿಗೆ ರಕ್ತ ಏರಿಸಿ ಏಳನೆಯ ವಾರ. ಮುಂಜಾನೆ ಅವಳನ್ನು ಹೊತ್ತುಕೊಂಡು ಬಂದಾಗ ಉಸಿರು ಮೇಲಕ್ಕೆಳೆಯುತ್ತಿತ್ತು. ಹುಬ್ಬಳ್ಳಿಗೆ ಫೋನು ಹೋಯಿತು. ಅಲ್ಲೂ ಹುಡುಕಬೇಕು ಎಂದರು.

ಸುದ್ದಿ ಹೇಗೆ ತಿಳಿಯಿತೋ, ಮಾರ್ತಾಂಡ ಓಡಿಬಂದ. ಕೈಗೆ ಮೆತ್ತಿದ ಅಂಟು ಕೂಡ ಒಣಗಿರಲಿಲ್ಲ. ಬೆಂಚಿನ ಮೇಲೆ ಕೂತು ಅಂಗಿಯ ತೋಳು ಮೇಲೇರಿಸಿದ. ನೀಲವ್ವ ಎದ್ದು ಬಂದು ಅವನ ಮುಂದೆ ನಿಂತಳು.

“ಜಡ್ಡು ಇದ್ರೂ ಇರವಲ್ದ್ಯಾಕ, ಕೊಡ್ರಿ ಅಣ್ಣಾ. ಮೊದಲ ಉಳೀಲಿ,” ಎಂದು ಕೈ ಮುಗಿದಳು.

ಆಗ ಶಾಂಭವಿ ಹೊಸ ಫಾರ್ಮನ್ನು ನನಗೆ ಕಚ್ಚಿಸಿ, ನನ್ನನ್ನೂ ಪೆನ್ನನ್ನೂ ಅವನ ಕೈಗೆ ಕೊಟ್ಟಳು. “ನೀವ ತುಂಬ್ರಿ ಅಣ್ಣಾ. ನಾ ಏನೂ ಕೇಳಂಗಿಲ್ಲ,” ಎಂದು ಮುಖ ತಿರುಗಿಸಿಕೊಂಡಳು.

ಮಾರ್ತಾಂಡನ ಹೆಬ್ಬೆರಳ ಗಂಟು ನನ್ನ ಮೈಗೆ ತಾಗಿತು. ಅವನು ಪೆನ್ನನ್ನು ‘ಇಲ್ಲ’ ಎಂಬ ಸಾಲಿನ ನೆತ್ತಿಗೆ ಇಟ್ಟು ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದ. ಹತ್ತು ವರ್ಷ ತಟ್ಟೆಯೆದುರು ತಟ್ಟೆಯಿಟ್ಟವನನ್ನೂ ಆ ಗೆರೆಯಲ್ಲಿ ಇಲ್ಲವಾಗಿಸಿಬಿಟ್ಟ. ಗೆರೆ ಒಂದಿಷ್ಟೂ ಸೊಟ್ಟಾಗಲಿಲ್ಲ. ನನ್ನ ಮೈಯಲ್ಲಿ ದಾರಿ ಮೊದಲೇ ಆಗಿತ್ತಲ್ಲ.

ಕೌಂಟರಿನಲ್ಲಿ ಹೆಸರು ಒತ್ತಿದ ಕೂಡಲೇ ಕಂಪ್ಯೂಟರು ಕೆಂಪು ತೋರಿಸಿತು. ಚೀಲದ ಮೇಲೆ ಅಂಟಿಸುವ ಚೀಟಿ ಹೊರಬರಲಿಲ್ಲ. ಚೀಟಿ ಇಲ್ಲದ ರಕ್ತ ವಾರ್ಡಿಗೆ ಹೋಗುವ ಹಾಗಿಲ್ಲ. ಡಾಕ್ಟರ್ ಕುಷ್ಟಗಿ ಬಂದರು. ಫಾರ್ಮು ನೋಡಿದರು.

“ಅವತ್ತ ಹೌದು ಅಂದ್ರಿ, ಇವತ್ತ ಇಲ್ಲ ಅಂತೀರಿ. ಯಾವುದ ಖರೇ ಅಂತ ಹಿಡೀಲಿ ನಾನು? ಸುಳ್ಳ ಬರದಾಂವನ ರಕ್ತ ಹೆಂಗ ತಗೊಳ್ಳಲಿ?”

“ಅವತ್ತ ಖರೇ ಹೇಳಿದ್ದಕ್ಕ ಬಿಟ್ರಿ. ಇವತ್ತ ಸುಳ್ಳ ಬರದ್ರೂ ಬಿಡತೀರಿ. ನಾ ಏನ ಹೇಳಿದ್ರ ತಗೋತೀರಿ ಸಾಹೇಬ್ರ?” ಎಂದ ಮಾರ್ತಾಂಡ.

ಡಾಕ್ಟರು ಮತ್ತೆ ಹುಬ್ಬಳ್ಳಿಗೆ ಫೋನು ಹಚ್ಚಲು ಒಳಗೆ ಹೋದರು. ಮಾರ್ತಾಂಡ ತೋಳು ಇಳಿಸದೆ ಬೆಂಚಿನ ಮೇಲೆಯೇ ಕೂತ. ಎಷ್ಟೋ ಹೊತ್ತು ಕೂತ. ನಾನು ಅವನ ತೊಡೆಯ ಮೇಲಿದ್ದೆ.

ರಕ್ತ ಹುಬ್ಬಳ್ಳಿಯಿಂದ ಬಂತು. ಐದು ಗಂಟೆಗೆ ಬಂತು. ಪಾರು ಮೂರು ಗಂಟೆಗೇ ಹೋಗಿದ್ದಳು.

ಮಾರ್ತಾಂಡ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಡೆದ. ಯಾರೂ ಕೇಳಲಿಲ್ಲ, ಅವನಿಗೂ ನೆನಪಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ ಯೋನಾ ಕಾಯುತ್ತಿದ್ದ. ಅವನ ಮುಖ ನೋಡಿದ ಕೂಡಲೇ ಯೋನಾನಿಗೆ ಎಲ್ಲ ತಿಳಿಯಿತು.

“ಆ ಪ್ರಶ್ನೆ ನಾ ಅವತ್ತ ಅಂಗಡ್ಯಾಗ ಓದಿದ್ದೆ. ನೀ ಕೊಡೂದು ನಿಲ್ಲಬಾರ್ದು ಅಂತ ಹೇಳಲಿಲ್ಲ,” ಎಂದ ಯೋನಾ. ಮಾರ್ತಾಂಡ ಅವನ ಪಕ್ಕ ಕೂತು, ಮೇಲೇರಿಸಿದ್ದ ತೋಳನ್ನು ಆಗ ಇಳಿಸಿಕೊಂಡ.

ಈಗ ನಾನು ಹುಟ್ಟಿದ ಅಂಗಡಿಯ ಮೂಲೆಯಲ್ಲಿದ್ದೇನೆ. ಕ್ಲಿಪ್ಪಿಗೆ ತುಕ್ಕು ಹಿಡಿದಿದೆ. ನನ್ನ ಮೇಲೆ ಅಂಟಿನ ಡಬ್ಬಿ ಇಡುತ್ತಾರೆ. ನನ್ನ ಬಲಗಡೆಯ ಉದ್ದನೆಯ ತಗ್ಗಿನಲ್ಲಿ ಅಂಟು ಇಳಿದು ಒಣಗಿ ಹೋಗಿದೆ. ಪಕ್ಕದ ಆ ಒಂದು ಸಣ್ಣ ಗುರುತು ಮಾತ್ರ ಇನ್ನೂ ಹಾಗೆಯೇ ಕಾಣುತ್ತದೆ. ಪಂಚಮಿ ಬಂದು ಹೋಯಿತು. ಯೋನಾ ಮಿಠಾಯಿ ಅಂಗಡಿಯಿಂದ ಉಂಡಿ ತಂದಿಟ್ಟಿದ್ದ. ಅವು ಇರುವೆಗಳ ಪಾಲಾದವು. ರಕ್ತನಿಧಿಯಲ್ಲಿ ಈಗ ಪ್ಲಾಸ್ಟಿಕ್ಕಿನ ಪ್ಯಾಡುಗಳು ಬಂದಿವೆಯಂತೆ. ಅವುಗಳಿಗೂ ತಗ್ಗು ಬೀಳಲು ಎಷ್ಟು ದಿನ ಬೇಕು? ನಾನು ಹೊತ್ತದ್ದೆಲ್ಲ ಸುಳ್ಳೇ, ಯಾರೂ ನನ್ನನ್ನು ತಡೆಯಲಿಲ್ಲ. ಒಂದೇ ಒಂದು ನಿಜ ಹೊತ್ತೆ, ಅದಕ್ಕೆ ಒಂದು ಮಗು ಹೋಯಿತು.

ಪ್ರಶ್ನೆ ಬದಲಾಗಿಲ್ಲ. ಅದೇ ಫಾರ್ಮುಗಳು ಇವತ್ತಿಗೂ ಇಲ್ಲಿಗೇ ಬರುತ್ತವೆ, ಮಾರ್ತಾಂಡನೇ ಕಟ್ಟುತ್ತಾನೆ. ಆದರೆ ಈಗ ಅವನು ಓದುತ್ತಾನೆ. ಹಾಳೆಗಳ ಮೂಲೆ ಬಿಡಿಸಿ, ಹೆಬ್ಬೆರಳಿನಿಂದ ಐದು, ಹತ್ತು, ಹದಿನೈದು ಎಂದು ತಳ್ಳುತ್ತಾನೆ. ಕಣ್ಣು ಹದಿನಾಲ್ಕನೆಯ ಪ್ರಶ್ನೆಯ ಮೇಲೆ ಬೀಳುತ್ತದೆ, ಬೆರಳು ನಿಲ್ಲುತ್ತದೆ. ಎಲ್ಲಿದ್ದೆ ಎಂಬುದು ಮರೆತುಹೋಗುತ್ತದೆ. ಹಾಳೆಗಳನ್ನು ಕೂಡಿಸಿ, ಮೇಜಿನ ಮೇಲೆ ಕುಟ್ಟಿ ಸರಿಮಾಡಿಕೊಂಡು, ಮತ್ತೆ ಒಂದರಿಂದ ಎಣಿಸಲು ಶುರುಮಾಡುತ್ತಾನೆ.